ಅರ್ಧ ಸ್ವರ ಕೆಳಗೆ

ಸೆಪ್ಟೆಂಬರ್ ೧೪

ಕಡ್ಡಿಗೆ, ಮಾಮನ ಆಶೀರ್ವಾದ. ಜೊತೆಗೆ ಒಂದಿಷ್ಟು ಜಗಳ.

ಮೊದಲು ಆಶೀರ್ವಾದ. ಅಷ್ಟು ದೊಡ್ಡ ವಾದ್ಯವೃಂದದವರು ನಿನ್ನನ್ನು ಒಂದು ವರ್ಷದ ಮಟ್ಟಿಗೆ ನಿರ್ದೇಶಕಿಯಾಗಿ ತೆಗೆದುಕೊಂಡರೆಂಬ ಸುದ್ದಿ ಬಂದ ದಿನ ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿದೆ. ಪಿಯಾನೊ ರಿಪೇರಿಗೆ ಕೂತ ಮೇಲೆ ಹೀಗೆ ಹೊತ್ತಿಗೆ ಮುಂಚೆ ಬಾಗಿಲು ಹಾಕಿದ್ದು ಇದು ಮೂರನೇ ಸಲ. ನಿನ್ನ ಅತ್ತೆ ಪಕ್ಕದ ಮನೆಯಾಕೆಗೆ, "ನಮ್ಮ ನಾದಿನಿ ಮಗಳು ಕಂಡಕ್ಟರ್ ಆದ್ಲು" ಎಂದಳು. ಆಕೆ, "ಹೌದಾ? ಯಾವ ರೂಟು?" ಎಂದು ಕೇಳಿದಳಂತೆ. ನಿನ್ನ ಅತ್ತೆ ಬಿಡುವವಳೇ? "ಎಪ್ಪತ್ತು ಜನ, ಎಲ್ಲರಿಗೂ ಸೀಟು. ನಿಂತ್ಕೊಂಡು ಹೋಗೋಳು ಇವಳೊಬ್ಬಳೇ" ಎಂದು ಹೇಳಿ ಬಂದಿದ್ದಾಳೆ.

ಈಗ ಜಗಳ. ಹತ್ತು ವರ್ಷ ನೀನು ಊರೂರು ಸುತ್ತಿ ಪಿಯಾನೊ ಬಾರಿಸಿದೆ. ಎರಡು ದೊಡ್ಡ ಬಹುಮಾನ ತಂದೆ. ಮೂವತ್ತು ತುಂಬುತ್ತಲೇ ಮುಚ್ಚಳ ಹಾಕಿ ಎದ್ದೆ. ಐದು ವರ್ಷದಿಂದ ನಾನು ಯಾಕೆಂದು ಕೇಳಿದಾಗಲೆಲ್ಲ "ಸಾಕಾಯ್ತು ಮಾಮ" ಎನ್ನುತ್ತೀಯ. ಊಟ ಸಾಕಾಗುತ್ತದೆ, ನಿದ್ದೆ ಸಾಕಾಗುತ್ತದೆ. ಹತ್ತು ಬೆರಳು ಸಾಕಾಗುವುದುಂಟೇ? ಎಪ್ಪತ್ತು ಜನರ ಮುಂದೆ ಕೋಲು ಆಡಿಸುವುದರಲ್ಲಿ ಒಂದು ದೊರೆತನದ ರುಚಿ ಇದೆ, ಅದು ನಿನಗೆ ಹತ್ತಿರಬೇಕು. ತಪ್ಪಾಗಿದ್ದರೆ ಬೈದು ಬರೆ.

ಮೇ ತಿಂಗಳಲ್ಲಿ ವಾದಕರೇ ಚೀಟಿ ಹಾಕಿ ನೀನು ಕಾಯಂ ಆಗಬೇಕೋ ಬೇಡವೋ ತೀರ್ಮಾನಿಸುತ್ತಾರೆ ಎಂದಿದ್ದೀಯ. ಒಳ್ಳೆಯ ಪದ್ಧತಿ. ನೀನು ಹೆದರಬೇಡ. ನಿನ್ನ ಅಮ್ಮ ಕೆಲಸದಿಂದ ಬರುವ ತನಕ ನನ್ನ ಅಂಗಡಿಯ ಮೂಲೆಯ ಪಿಯಾನೊದ ಮೇಲೆ ಬೆಳೆದ ಕಿವಿ ನಿನ್ನದು. ಆರು ವರ್ಷದವಳು ಪಕ್ಕದ ಕೋಣೆಯಲ್ಲಿ ಕೂತು, ನಾನು ಯಾವ ಕೀ ಒತ್ತಿದರೂ ಅದರ ಹೆಸರು ಕೂಗುತ್ತಿದ್ದೆ. ಬೀದಿಯವರು ನೋಡಲು ಬರುತ್ತಿದ್ದರು. ಅಂಥ ಕಿವಿ ಇದ್ದವಳಿಗೆ ಚೀಟಿ ಯಾವ ಲೆಕ್ಕ.

ನಿನ್ನ
ಮಾಮ

ಅಕ್ಟೋಬರ್ ೩೦

ಮಾಮ, ಅತ್ತೆ, ಇಬ್ಬರಿಗೂ ನಮಸ್ಕಾರ.

ಬೈದು ಬರೆಯುವಷ್ಟು ಪುರುಸೊತ್ತಿಲ್ಲ, ಅದಕ್ಕೇ ಸುದ್ದಿ ಬರೆಯುತ್ತೇನೆ. ನಾವು ತಾಲೀಮು ಮಾಡುವ ಜಾಗ ಹಿಂದೆ ಅಂಚೆ ವಿಂಗಡಿಸುವ ಗೋದಾಮಾಗಿತ್ತಂತೆ. ಗೋಡೆಯ ಮೇಲೆ ಈಗಲೂ ಊರುಗಳ ನಂಬರುಗಳಿವೆ. ತಬಲದಂಥ ದೊಡ್ಡ ಡೋಲುಗಳವನು ನಲವತ್ತೊಂದರ ಕೆಳಗೆ ಕೂರುತ್ತಾನೆ, ನಾನು ಹನ್ನೆರಡರ ಎದುರು ನಿಲ್ಲುತ್ತೇನೆ. ಕಿಟಕಿಗಳು ಎತ್ತರದಲ್ಲಿವೆ. ಹತ್ತು ಗಂಟೆಗೆ ಬಿಸಿಲು ಸರಿಯಾಗಿ ಪಿಟೀಲಿನವರ ಕಣ್ಣಿಗೆ ಬೀಳುತ್ತದೆ. ಅವರು ಒಂದು ಕಣ್ಣು ಮುಚ್ಚಿ ಬಾರಿಸುವಾಗ ಎಲ್ಲರೂ ನನಗೆ ಕಣ್ಣು ಹೊಡೆಯುತ್ತಿದ್ದಾರೆ ಅನ್ನಿಸುತ್ತದೆ.

ಇಲ್ಲಿ ಒಬ್ಬರು ಹಿರಿಯರಿದ್ದಾರೆ, ಹಾರ್ನ್ ಎಂಬ ಸುರುಳಿ ಕಹಳೆ ಊದುವವರು. ಮೂವತ್ತೊಂದು ವರ್ಷದ ಸರ್ವೀಸು. ಅವರ ವಾದ್ಯ ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ, ಮಾತು ಕೇಳಿದರೆ ಉರಿಯುತ್ತದೆ. ಮೊದಲ ದಿನವೇ, "ಮೇಡಂ, ನಿಮಗಿಂತ ಮುಂಚೆ ಆ ಜಾಗದಲ್ಲಿ ಒಂಬತ್ತು ಜನ ನಿಂತು ಹೋದ್ರು. ನಾನು ಮಾತ್ರ ಕೂತೇ ಇದ್ದೀನಿ" ಎಂದರು.

ಪ್ರತಿದಿನ ಶುರುವಿನಲ್ಲಿ ಶಹನಾಯಿಯಂಥ ಓಬೊ ನುಡಿಸುವಾಕೆ 'ಎ' ಸ್ವರ ಊದುತ್ತಾಳೆ. ಉಳಿದವರೆಲ್ಲ ಅದಕ್ಕೆ ತಮ್ಮ ಶ್ರುತಿ ಹೊಂದಿಸಿಕೊಳ್ಳುತ್ತಾರೆ. ಆ ಅರ್ಧ ನಿಮಿಷ ನನಗೆ ಯಾವತ್ತೂ ಕಷ್ಟದ್ದು. ಯಾಕೆಂದು ಇನ್ನೊಮ್ಮೆ ಬರೆಯುತ್ತೇನೆ.

ಒಂದು ವಿಷಯ ಕೇಳಬೇಕಿತ್ತು ಮಾಮ. ಅಂಗಡಿಯ ಮೂಲೆಯ ಆ ಪಿಯಾನೊವನ್ನು ನೀವು ಯಾವ ಟ್ಯೂನಿಂಗ್ ಫೋರ್ಕ್ ಇಟ್ಟುಕೊಂಡು ಶ್ರುತಿ ಮಾಡುತ್ತಿದ್ದಿರಿ? ಸುಮ್ಮನೆ ಕುತೂಹಲ.

ಕಡ್ಡಿ

ಡಿಸೆಂಬರ್ ೨

ಕಡ್ಡಿಗೆ, ಕೈಗೆ ಸ್ವಲ್ಪ ವಾತ ಹಿಡಿದಿರುವ ಮಾಮ ಬರೆಯುವುದು.

ನಿನ್ನ ಪತ್ರವನ್ನು ಇಬ್ಬರೂ ಓದಿದೆವು. ಕಣ್ಣು ಹೊಡೆಯುವ ಪಿಟೀಲಿನವರು ನಿನ್ನ ಅತ್ತೆಗೆ ಬಹಳ ಹಿಡಿಸಿದರು. ಹಾರ್ನ್ ಹಿರಿಯರು ನನಗೆ ಹಿಡಿಸಿದರು. ಅಂಥವರ ಬಾಯಿ ಒರಟು, ಕೆಲಸ ನೇರ.

ಇಲ್ಲಿ ಕೆಲಸ ಬೇಕಾದಷ್ಟಿದೆ. ಹೋದ ವಾರ ಒಬ್ಬ ಹಲ್ಲಿನ ಡಾಕ್ಟರ ಮನೆಗೆ ಕರೆದಿದ್ದರು. ಪಿಯಾನೊ ಒಳಗಿಂದ ಗೊರಗೊರ ಸದ್ದು. ಬಿಚ್ಚಿ ನೋಡಿದರೆ ಒಂದು ಹಲ್ಲಿನ ಸೆಟ್ಟು! "ನಿಮ್ಮ ಪಿಯಾನೊಗೆ ನೀವೇ ಹಲ್ಲು ಕಟ್ಟಿದ್ದೀರಲ್ಲ ಡಾಕ್ಟ್ರೇ" ಎಂದೆ. ಆತ ನಗಲಿಲ್ಲ. ಅವರ ಅತ್ತೆಯ ಸೆಟ್ಟಂತೆ, ಎರಡು ವರ್ಷದಿಂದ ಹುಡುಕುತ್ತಿದ್ದರಂತೆ.

ಮೂಲೆಯ ಪಿಯಾನೊ ಇದೆ. ಮೇಲೆ ಬಟ್ಟೆ ಹೊದಿಸಿದ್ದೇನೆ. ಮನೆ ನೆನಪಾದಾಗ ಹಳೆಯ ಸಾಮಾನೆಲ್ಲ ನೆನಪಾಗುತ್ತದೆ, ನನಗೆ ಗೊತ್ತು. ಚಳಿ ಜಾಸ್ತಿ ಇದ್ದರೆ ಕುತ್ತಿಗೆಗೆ ಸುತ್ತಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಮಾಮ

ಜನವರಿ ೧೯

ಮಾಮ,

ಇವತ್ತು ನಡೆದದ್ದನ್ನು ಯಾರಿಗಾದರೂ ಹೇಳಲೇಬೇಕು.

ಒಂದು ಕೃತಿಯ ನಡುವೆ ಎಲ್ಲರೂ ನಿಲ್ಲುತ್ತಾರೆ. ಪೂರ್ತಿ ಮೌನ. ಆಮೇಲೆ ಹಾರ್ನ್ ಒಂದೇ ಒಂದು ಉದ್ದನೆಯ ಸ್ವರ ಎತ್ತಬೇಕು. ಹಿರಿಯರು ಎತ್ತಿದರು. ನಾನು ಕೈ ತೋರಿಸಿ ನಿಲ್ಲಿಸಿದೆ. "ಅರ್ಧ ಸ್ವರ ಮೇಲಿದ್ದೀರಿ" ಎಂದೆ. ಅವರು ಮತ್ತೆ ಅದನ್ನೇ ಊದಿದರು. ನಾನು ಮತ್ತೆ, "ಮೇಲಿದೆ" ಎಂದೆ. ಅವರು ಹಾರ್ನನ್ನು ತೊಡೆಯ ಮೇಲಿಟ್ಟುಕೊಂಡು, "ಪಿಯಾನೊದಲ್ಲಿ ಒತ್ತಿ ನೋಡಿ ಮೇಡಂ" ಎಂದರು. ಪಕ್ಕದಲ್ಲೇ ಇತ್ತು. ಒತ್ತಿದೆ. ಅವರು ಊದಿದ್ದೇ ಸರಿ.

ಎಪ್ಪತ್ತು ಜನ ತಮ್ಮ ತಮ್ಮ ಹಾಳೆ ನೋಡುತ್ತ ಕೂತರು. ಹೋದ ತಿಂಗಳೂ ಒಮ್ಮೆ ಅವರನ್ನು ಹೀಗೇ ತಡೆದಿದ್ದೆ. ತಲೆನೋವು, ನಿದ್ದೆಯಿಲ್ಲ ಎಂದು ಹೇಳಿ ಆಗಲೂ ಜಾರಿಕೊಂಡೆ, ಇವತ್ತೂ ಅದನ್ನೇ ಹೇಳಿದೆ. ಮೂವತ್ತೊಂದು ವರ್ಷ ಕೂತವರನ್ನು ಎಲ್ಲರೆದುರು ತಪ್ಪುಗಾರ ಮಾಡಿದೆ, ತಪ್ಪು ನನ್ನದಿಟ್ಟುಕೊಂಡು.

ಸರಿಯಾಗುತ್ತೆ. ನೀವು ಯೋಚನೆ ಮಾಡಬೇಡಿ.

ಕಡ್ಡಿ

ಫೆಬ್ರುವರಿ ೧

ಕಡ್ಡಿಗೆ, ಮಾಮನ ಬುದ್ಧಿಮಾತು.

ಮೊದಲು ಒಬ್ಬ ಒಳ್ಳೆಯ ಕಿವಿ ಡಾಕ್ಟರಿಗೆ ತೋರಿಸು. ಎರಡನೆಯದು, ನಿದ್ದೆ ಮಾಡು. ಮೂರನೆಯದು, ಆ ಹಿರಿಯರ ಹತ್ತಿರ ಹೋಗಿ ತಪ್ಪಾಯಿತು ಎಂದುಬಿಡು. ಅದರಿಂದ ಯಾರ ಕಿರೀಟವೂ ಬೀಳುವುದಿಲ್ಲ. ದಣಿದ ಕಿವಿ ಯಾರದಾದರೂ ಎಡವುತ್ತದೆ. ಮೊನ್ನೆ ನಾನೇ...

ಫೆಬ್ರುವರಿ ೪

ಮೇಲಿನ ಕಾಗದವನ್ನು ಅಲ್ಲಿಗೇ ನಿಲ್ಲಿಸಿದ್ದೆ. ಹರಿದು ಹಾಕುವುದಿಲ್ಲ, ನಾನು ಎಂಥವನೆಂದು ನಿನಗೂ ಗೊತ್ತಾಗಲಿ.

ನಾನು ಬರೆಯುತ್ತಿದ್ದಾಗ ನಿನ್ನ ಅತ್ತೆ ಬೆನ್ನ ಹಿಂದೆ ನಿಂತು ಓದಿದಳು. "ಏನ್ರೀ, ಆ ಮಗು ಅಕ್ಟೋಬರ್‌ನಲ್ಲಿ ಒಂದು ಪ್ರಶ್ನೆ ಕೇಳಿತ್ತು. ನೀವು ಹಲ್ಲಿನ ಸೆಟ್ಟಿನ ಕಥೆ ಹೇಳಿದ್ರಿ. ಈಗ ಕಿವಿ ಡಾಕ್ಟರ ಹತ್ರ ಕಳಿಸ್ತಿದ್ದೀರಿ. ಡಾಕ್ಟರಿಗೆ ಗೊತ್ತಿರೋದಕ್ಕಿಂತ ನಿಮಗೇ ಜಾಸ್ತಿ ಗೊತ್ತಲ್ಲ?" ಎಂದಳು. ನಾನು, "ನಿನಗೇನು ಗೊತ್ತು ಶ್ರುತಿ ವಿಚಾರ" ಎಂದು ರೇಗಿದೆ. "ಶ್ರುತಿ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ಗೊತ್ತು" ಎಂದು ಒಳಗೆ ಹೋದಳು. ಮೂರು ದಿನ ಈ ಕಾಗದ ಮುಟ್ಟಲಿಲ್ಲ.

ಹೇಳುತ್ತೇನೆ ಕೇಳು. ಆ ಪಿಯಾನೊವನ್ನು ಒಂದು ಶಾಲೆಯವರು ಎಸೆಯಲು ಇಟ್ಟಿದ್ದರು. ಅದನ್ನು ತಂದು, ಬಿಚ್ಚಿ, ಜೋಡಿಸಿ ಈ ವಿದ್ಯೆ ಕಲಿತವನು ನಾನು. ಗುರು ಇಲ್ಲ, ಪುಸ್ತಕ ಇಲ್ಲ. ಪಿಯಾನೊದ ಒಳಗೆ ಎರಕದ ಕಬ್ಬಿಣದ ಒಂದು ಚೌಕಟ್ಟಿರುತ್ತದೆ. ಇನ್ನೂರಕ್ಕೂ ಹೆಚ್ಚು ತಂತಿಗಳ ಎಳೆತವನ್ನು ಅದೇ ತಡೆದುಕೊಳ್ಳಬೇಕು. ನಮ್ಮದರ ಚೌಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಪೂರ್ತಿ ಬಿಗಿದರೆ ಸಿಡಿಯುತ್ತಿತ್ತು. ಅದಕ್ಕೇ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿದೆ. ತಂತಿ ತಂತಿಗೆ ಹೊಂದಿಕೆ ಚೊಕ್ಕ ಇತ್ತು. ಆದರೆ ಲೋಕಕ್ಕೆಲ್ಲ 'ಎ' ಅನ್ನಿಸುವುದು ನಮ್ಮ ಪಿಯಾನೊದಲ್ಲಿ ಅದರ ಮುಂದಿನ ಕೀಯಲ್ಲಿ ಕೇಳಿಸುತ್ತಿತ್ತು.

ನೀನು ಅದರ ಮೇಲೇ ಕಲಿತೆ. ನೀನು ಹೆಸರು ಕೂಗುವಾಗ ಬೀದಿಯವರು ಚಪ್ಪಾಳೆ ತಟ್ಟುತ್ತಿದ್ದರು. "ಮಗಳೇ, ನೀನು ಹೇಳುವ ಎಲ್ಲ ಹೆಸರೂ ಒಂದು ಮನೆ ಪಕ್ಕಕ್ಕಿದೆ" ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬೇರೆ ಪಿಯಾನೊ ತಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ತರಲಿಲ್ಲ. ಹದಿನೇಳಕ್ಕೆ ನೀನು ಸಂಗೀತ ಶಾಲೆಗೆ ಹೋದೆ. ಮೊದಲ ರಜೆಯಲ್ಲಿ ಬಂದು ಬೈಯುತ್ತೀಯೆಂದು ಕಾದೆ. ನೀನು ಬಾಯಿಬಿಡಲಿಲ್ಲ. ಕಿವಿ ತಾನಾಗಿ ಸರಿಹೋಗಿರಬೇಕು ಎಂದು ನೆಮ್ಮದಿ ಮಾಡಿಕೊಂಡೆ. ಕೆಲಸದವನು ನಾನು, ಬಿರುಕು ತಾನಾಗಿ ಕೂಡುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ಮಾಮ

ಫೆಬ್ರುವರಿ ೨೦

ಮಾಮ,

ನನಗೆ ಗೊತ್ತಿತ್ತು. ಸಂಗೀತ ಶಾಲೆಯ ಮೊದಲ ದಿನವೇ ಗೊತ್ತಾಯಿತು. ಮೇಷ್ಟರು ಒಂದು ಸ್ವರ ಬಾರಿಸಿ ಯಾವುದೆಂದು ಕೇಳಿದರು. ನಾನು ಎಲ್ಲರಿಗಿಂತ ಮೊದಲು ಕೈಯೆತ್ತಿ, ಎದ್ದು ನಿಂತು ಹೇಳಿದೆ. ಇಡೀ ಕ್ಲಾಸು ನಕ್ಕಿತು. ಮೇಷ್ಟರು ನಗಲಿಲ್ಲ. "ಮನೇಲಿ ಯಾವ ಪಿಯಾನೊ ಇದೆಯಮ್ಮ?" ಎಂದು ಕೇಳಿದರು. "ತುಂಬಾ ಒಳ್ಳೇದಿದೆ ಸಾರ್" ಎಂದೆ.

ನಿಮಗೆ ಹೇಳಿದರೆ ನೀವು ಆವತ್ತೇ ಅಂಗಡಿ ಮುಚ್ಚುತ್ತಿದ್ದಿರಿ. ಅದಕ್ಕೇ ಹೇಳಲಿಲ್ಲ. ಇಷ್ಟು ವರ್ಷ ನಿಮಗೆ ಗೊತ್ತೇ ಇಲ್ಲ, ಫೋರ್ಕು ಕೆಟ್ಟಿತ್ತು ಎಂದುಕೊಂಡಿದ್ದೆ. ಅಕ್ಟೋಬರ್‌ನಲ್ಲಿ ಕೇಳಿದ್ದು ಅದಕ್ಕೆ. ನೀವು ಉತ್ತರ ಕೊಡದಿದ್ದಾಗ ಗೊತ್ತಾಯಿತು.

ಪಿಯಾನೊ ಯಾಕೆ ಬಿಟ್ಟೆ ಎಂದು ಕೇಳುತ್ತೀರಲ್ಲ. ಬೆರಳು ಒಂದು ಕೀ ಒತ್ತುತ್ತದೆ, ಕಿವಿ ಇನ್ನೊಂದರ ಹೆಸರು ಹೇಳುತ್ತದೆ. ಪ್ರತಿ ಕಛೇರಿಯಲ್ಲೂ, ಪ್ರತಿ ಸ್ವರಕ್ಕೂ ಒಳಗೆ ಆ ಜಗಳ. ಹತ್ತು ವರ್ಷ ತಡೆದುಕೊಂಡೆ. ನಿರ್ದೇಶಕಿಯಾದ ಮೇಲೆ ಬೆರಳಿನ ಜಗಳ ನಿಂತಿತು. ಅರ್ಧ ಓಡಿಬಂದದ್ದು, ಇನ್ನರ್ಧ ನಿಜವಾಗಿಯೂ ಮನಸ್ಸಿಟ್ಟು ಬಂದದ್ದು. ದೊರೆತನದ ರುಚಿಯಲ್ಲ ಮಾಮ. ಎಪ್ಪತ್ತು ಜನ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದನ್ನು ಎದುರು ನಿಂತು ನೋಡಬೇಕು, ಆಗ ಗೊತ್ತಾಗುತ್ತದೆ. ಸುತ್ತ ಬೇರೆ ಸ್ವರಗಳಿದ್ದರೆ ನಾನು ಎಡವುವುದಿಲ್ಲ. ಮೌನದಿಂದ ಒಂದೇ ಸ್ವರ ಎದ್ದಾಗ ಹಳೆಯ ಕಿವಿ ಮುಂದೆ ನುಗ್ಗುತ್ತದೆ.

ಇದನ್ನು ಹೇಳಿಕೊಂಡ ನಿರ್ದೇಶಕಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಚೀಟಿ ಹಾಕುವ ಮುಂಚೆ, ಏಪ್ರಿಲ್‌ನಲ್ಲಿ, ಆರೋಗ್ಯದ ನೆಪ ಹೇಳಿ ಬಿಟ್ಟುಬಿಡುತ್ತೇನೆ. ತೀರ್ಮಾನ ಮಾಡಿಯಾಗಿದೆ. ನಿಮ್ಮ ಮೇಲೆ ಸಿಟ್ಟಿಲ್ಲ.

ಕಡ್ಡಿ

ಮಾರ್ಚ್ ೫

ಕಡ್ಡಿಗೆ,

ಬೈಯಬೇಡ. ಇವತ್ತು ಬೆಳಿಗ್ಗೆ ನಿಮ್ಮ ವಾದ್ಯವೃಂದದ ಮ್ಯಾನೇಜರಿಗೆ ಒಂದು ಪತ್ರ ಬರೆದು ರಿಜಿಸ್ಟರ್ ಅಂಚೆಯಲ್ಲಿ ಹಾಕಿ ಬಂದೆ. ನಡೆದದ್ದೆಲ್ಲ ಬರೆದಿದ್ದೇನೆ. ತಪ್ಪು ಮಾಡಿದವನು ಆರಾಮಾಗಿ ಅಂಗಡಿಯಲ್ಲಿ ಕೂತಿರುವುದು, ನೀನು ನೆಪ ಹೇಳಿ ಹೊರಗೆ ಬರುವುದು, ಇದು ಯಾವ ನ್ಯಾಯ? ಅಂಚೆಯವಳು ರಸೀದಿ ಕೊಟ್ಟಾಗ ಮೂವತ್ತು ವರ್ಷದ ಭಾರ ಇಳಿದಂತಾಯಿತು.

ಮಾಮ

ಮಾರ್ಚ್ ೧೨

ಮಾಮ,

ಭಾರ ಇಳಿದದ್ದು ನಿಮ್ಮದು. ಅದು ಈಗ ಎಲ್ಲಿ ಬಂದು ಕೂತಿದೆ ಎಂದು ಯೋಚಿಸಿದಿರಾ? ಹೇಳಬೇಕೋ ಬೇಡವೋ ಅನ್ನುವುದು ನನಗೆ ಬಿಟ್ಟ ವಿಷಯವಾಗಿತ್ತು. ಹೇಳದೆ ಇದ್ದಾಗಲೂ ನನ್ನನ್ನು ಕೇಳಲಿಲ್ಲ. ಹೇಳುವಾಗಲೂ ಕೇಳಲಿಲ್ಲ.

ಏಪ್ರಿಲ್ ೧೦

ಕಡ್ಡಿಗೆ,

ನಾಲ್ಕು ವಾರ ಆಯಿತು. ನಿನ್ನ ಸಿಟ್ಟು ಸರಿಯಾದದ್ದು. ಅದನ್ನು ಇಳಿಸಲು ಬರೆಯುತ್ತಿಲ್ಲ.

ಅತ್ತೆಯ ಮೊಣಕಾಲು ನೋವು ಕಡಿಮೆಯಾಗಿದೆ. ನಿನಗೆ ತಿಳಿಸು ಎಂದಳು. ನನಗೆ ಅವಳು ಹೇಳಿದ್ದು ಬೇರೆ: "ಊರಿಗೆಲ್ಲ ಶ್ರುತಿ ಮಾಡ್ತೀರಿ, ಎಲ್ಲಿ ಕೈ ತೆಗೀಬೇಕು ಅನ್ನೋದು ಮಾತ್ರ ಕಲೀಲಿಲ್ಲ." ಅವಳೆದುರು ಒಪ್ಪಿಕೊಳ್ಳಲಿಲ್ಲ, ನಿನ್ನೆದುರು ಒಪ್ಪಿಕೊಳ್ಳುತ್ತೇನೆ.

ಮಾಮ

ಮೇ ೨೧

ಮಾಮ,

ಕೂತುಕೊಂಡು ಓದಿ. ಅತ್ತೆಯನ್ನೂ ಕೂರಿಸಿಕೊಳ್ಳಿ.

ಮಾರ್ಚ್‌ನಲ್ಲೇ ಮ್ಯಾನೇಜರ್ ನನ್ನನ್ನು ಕರೆಸಿದ್ದರು. ಮೇಜಿನ ಮೇಲೆ ನಿಮ್ಮ ಪತ್ರ. ಆಕೆ, "ಇದನ್ನ ನಾನೊಬ್ಬಳೇ ಓದಿದ್ದೀನಿ. ನೀವು ಬೇಡ ಅಂದ್ರೆ ನನ್ನ ಕೈಗೆ ಬರ್ಲೇ ಇಲ್ಲ ಅಂದ್ಕೋತೀನಿ. ಹೇಗೆ ಮಾಡೋಣ ಹೇಳಿ" ಎಂದರು. ಪತ್ರ ತೆಗೆದುಕೊಂಡು ಕೋಣೆಗೆ ಬಂದೆ. ನಿಮ್ಮ ಮೇಲಿನ ಸಿಟ್ಟಿಗೆ ಅದನ್ನು ಬಿಚ್ಚಲೇ ಇಲ್ಲ. ರಾಜೀನಾಮೆ ಕಾಗದವನ್ನೂ ಬರೆದು ಅದರ ಪಕ್ಕದಲ್ಲಿಟ್ಟೆ. ಹಾಗೇ ಐದು ವಾರ.

ಕೊನೆಗೆ ಒಂದು ಬೆಳಿಗ್ಗೆ ರಾಜೀನಾಮೆ ಕೊಡಲೆಂದೇ ಹೊರಟವಳು ನಿಮ್ಮ ಪತ್ರ ಬಿಚ್ಚಿ ಓದಿದೆ. ಅಷ್ಟು ಸಾಲುಗಳಲ್ಲಿ ನೀವು ಒಂದೇ ಒಂದು ನೆಪ ಹೇಳಿರಲಿಲ್ಲ. ನನ್ನ ಕಾಗದದಲ್ಲಿ ಇದ್ದದ್ದು ಬರೀ ನೆಪ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ತಾಲೀಮಿಗೆ ಹೋದೆ. ಓಬೊ ವಾದಕಿ ಊದಲು ಹೊರಟಾಗ, ಒಂದು ನಿಮಿಷ ಇರಮ್ಮ ಎಂದೆ. ನಿಮ್ಮ ಪತ್ರ ತೆಗೆದು ಎಲ್ಲರಿಗೂ ಗಟ್ಟಿಯಾಗಿ ಓದಿದೆ. 'ತಪ್ಪು ಅವಳ ಕಿವಿಯದ್ದಲ್ಲ, ನನ್ನ ಕೈಯದ್ದು. ನಿಮಗೆ ಯಾರನ್ನಾದರೂ ಕೆಲಸದಿಂದ ತೆಗೆಯಲೇಬೇಕಿದ್ದರೆ ನನ್ನನ್ನು ತೆಗೆಯಿರಿ. ನಾನು ನಿಮ್ಮಲ್ಲಿ ಕೆಲಸಕ್ಕಿಲ್ಲ, ಆದರೂ ಒಪ್ಪಿಕೊಳ್ಳುತ್ತೇನೆ' ಎಂದು ಬರೆದಿದ್ದೀರಲ್ಲ, ಅಲ್ಲಿ ಎಲ್ಲರೂ ನಕ್ಕರು. ನಗು ನಿಲ್ಲುವ ತನಕ ಕಾದು ಉಳಿದದ್ದನ್ನು ಓದಿದೆ.

ಆಮೇಲೆ ಹಾರ್ನ್ ಹಿರಿಯರ ಕಡೆ ತಿರುಗಿ, "ಎರಡು ಸಲ ನಿಮ್ಮನ್ನ ಎಲ್ಲರೆದುರು ತಪ್ಪು ಅಂದೆ. ತಪ್ಪು ನನ್ನದಾಗಿತ್ತು. ತಲೆನೋವು ಅಂದಿದ್ದು ಸುಳ್ಳು" ಎಂದೆ.

ಅವರು ವಾದ್ಯ ಒರೆಸಿಕೊಂಡರು. "ಹಾಗಾದ್ರೆ ನಾನು ನಿಜವಾಗ್ಲೂ ಅರ್ಧ ಸ್ವರ ತಪ್ಪಿದ್ರೆ ನಿಮಗೆ ಸರಿ ಕೇಳ್ಸುತ್ತಾ?" ಎಂದರು.

"ಕೆಳಗೆ ತಪ್ಪಿದ್ರೆ ಸರಿ ಕೇಳ್ಸುತ್ತೆ."

"ಇಷ್ಟು ವರ್ಷದಲ್ಲಿ ಇಂಥ ಕಂಡಕ್ಟರ್ ಸಿಕ್ಕಿರ್ಲಿಲ್ಲ" ಎಂದರು. ಗೋದಾಮೆಲ್ಲ ನಗು. ಅವರು ಮಾತ್ರ ನಗಲಿಲ್ಲ. "ಇನ್ಮೇಲೆ ಒಂಟಿ ಸ್ವರ ಬಂದಾಗ 'ಮೇಲಿದೆ, ಕೆಳಗಿದೆ' ಅನ್ಬೇಡಿ. 'ಏನು ಊದಿದ್ರಿ' ಅಂತ ಕೇಳಿ. ನಾವು ಹೇಳ್ತೀವಿ. ನಮಗೂ ಕಿವಿ ಇದೆ" ಎಂದರು.

ಅವತ್ತಿನಿಂದ ಕೇಳುತ್ತಿದ್ದೇನೆ. ಅವರು ಹೇಳುತ್ತಾರೆ. ಕೆಲವೊಮ್ಮೆ ನಾನು ಕೇಳುವ ಮುಂಚೆಯೇ ಹೇಳುತ್ತಾರೆ, ಕೆಲವೊಮ್ಮೆ ಬೇಡದ್ದನ್ನೂ ಹೇಳುತ್ತಾರೆ. ತಾಲೀಮು ನಿಧಾನವಾಗಿದೆ, ಗಲಾಟೆ ಜಾಸ್ತಿಯಾಗಿದೆ.

ನಿನ್ನೆ ಚೀಟಿ ಎಣಿಸಿದರು. ನಲವತ್ತನಾಲ್ಕು ಜನ ಬೇಕು ಎಂದರು, ಇಪ್ಪತ್ತಾರು ಜನ ಬೇಡ ಎಂದರು. ಕಾಯಂ ಆಯಿತು ಮಾಮ.

ಹೊರಗೆ ಮೆಟ್ಟಿಲ ಹತ್ತಿರ ಹಿರಿಯರು ಕಾಯುತ್ತಿದ್ದರು. "ನಾನು ಬೇಡ ಅಂತ ಹಾಕಿದೆ, ಬೇರೆಯವರ ಬಾಯಿಂದ ತಿಳಿಯೋದು ಬೇಡ ಅಂತ ನಾನೇ ಹೇಳ್ತಿದ್ದೀನಿ" ಎಂದರು. ನಾನು ಕಿವಿ ಮುಟ್ಟಿಕೊಂಡೆ. ಅವರು ತಲೆ ಅಲ್ಲಾಡಿಸಿದರು. "ಅದಕ್ಕಲ್ಲ. ತಲೆನೋವು ಅಂತ ತಿಂಗಳುಗಟ್ಲೆ ನಂಬಿಸಿದ್ರಲ್ಲ, ಅದಕ್ಕೆ. ಪಿಯಾನೊ ಸರಿ ಅಂದ್ರೂ, ಎರಡು ಸಲ ನನ್ನೊಬ್ಬನನ್ನೇ ಯಾಕೆ ತಡೆದ್ರು ಅಂತ ಅಷ್ಟು ದಿನ ರಾತ್ರಿ ಮನೇಲಿ ಕೂತು ನನ್ನ ಕಿವಿಯನ್ನೇ ನಾನು ಅನುಮಾನಿಸ್ತಿದ್ದೆ." ಟೋಪಿ ಹಾಕಿಕೊಂಡು, "ಸೋಮವಾರ ಹತ್ತು ಗಂಟೆಗೆ ತಾನೇ?" ಎಂದು ಕೇಳಿ ಹೋದರು.

ಕಡ್ಡಿ

ಮೇ ೩೦

ಕಡ್ಡಿಗೆ,

ಕೂತೇ ಓದಿದೆ. ನಿನ್ನ ಅತ್ತೆ ಅತ್ತಳು. ಆಮೇಲೆ ಪಕ್ಕದ ಮನೆಗೆ ಹೋಗಿ, "ಕಾಯಂ ಆಯ್ತು, ಇನ್ನು ರೂಟು ಬದಲಾಯ್ಸಲ್ಲ" ಎಂದು ಹೇಳಿ ಬಂದಳು.

ನಾನು ಆ ಹಿರಿಯರ ಮಾತನ್ನೇ ತಿರುತಿರುಗಿ ಓದಿದೆ. ನಾಲ್ಕಾರು ತಿಂಗಳ ಸುಳ್ಳಿಗೆ ಅವರು 'ಬೇಡ' ಎಂದು ಹಾಕಿದರು. ಹದಿನೇಳು ವರ್ಷದ ಹುಡುಗಿ ಅಷ್ಟು ಜನರ ನಗೆಯ ನಡುವೆ ನಿಂತು ತನ್ನ ಕಿವಿಯನ್ನು ಅನುಮಾನಿಸಿದಳು, ಅದೂ 'ಒಳ್ಳೆ ಪಿಯಾನೊ ಇದೆ' ಎಂದು ನನ್ನ ಮಾನ ಕಾಯುತ್ತ. ನನ್ನ ಪಾಲಿಗೆ ಯಾವ ಚೀಟಿ ಬೀಳಬೇಕೋ ನೀನೇ ಹಾಕು. ಯಾವುದೆಂದು ನಾನು ಕೇಳುವುದಿಲ್ಲ.

ಮಾಮ

ಆಗಸ್ಟ್ ೮

ಮಾಮ,

ನಮ್ಮ ವಾದ್ಯವೃಂದದ ಹೊಸ ಸಾಲಿನ ಮೊದಲ ಕಛೇರಿ ಸೆಪ್ಟೆಂಬರ್ ಹದಿನೆಂಟಕ್ಕೆ. ಪಿಯಾನೊ ಬಾರಿಸುತ್ತಲೇ ನಿರ್ದೇಶನ ಮಾಡುತ್ತೇನೆ. ಆರು ವರ್ಷದ ಮೇಲೆ ಕೂರುತ್ತಿದ್ದೇನೆ. ಬೆರಳು, ಕಿವಿ ಇನ್ನೂ ಜಗಳವಾಡುತ್ತವೆ, ಆದರೆ ಈಗ ಬಾಗಿಲು ಹಾಕಿಕೊಂಡು ಆಡಬೇಕಿಲ್ಲ.

ಸಭಾಂಗಣದ ಪಿಯಾನೊ ಶ್ರುತಿ ಮಾಡುವವರು ಆ ವಾರ ರಜೆ ಹಾಕಿದ್ದಾರೆ. ಯಾರನ್ನು ಕರೆಸೋಣ ಎಂದು ಮ್ಯಾನೇಜರ್ ಕೇಳಿದರು. ನಿಮ್ಮ ವಿಳಾಸ ಕೊಟ್ಟೆ. ಅದು ಅವರ ಹತ್ತಿರ ಆಗಲೇ ಇತ್ತು.

ಅತ್ತೆಯನ್ನು ಕರೆದುಕೊಂಡು ಹದಿನೇಳಕ್ಕೇ ಬಂದುಬಿಡಿ. ಮರುದಿನ ಬೆಳಿಗ್ಗೆ ಏಳಕ್ಕೆ ಸಭಾಂಗಣದ ಹಿಂದಿನ ಬಾಗಿಲು ತೆಗೆದಿರುತ್ತದೆ. ನಿಮಗೆ ಎರಡು ಗಂಟೆ ಸಾಕಲ್ಲ? ಹಾರ್ನ್ ಹಿರಿಯರು ಎಂಟೂವರೆಗೆ ಬಂದು ಪಕ್ಕದಲ್ಲಿ ಕೂತು ಕೇಳುತ್ತಾರಂತೆ. ಬೇಡ ಅಂದರೂ ಕೇಳುವವರಲ್ಲ. ಒಂಬತ್ತಕ್ಕೆ ನಾನು ಬಂದು, ನೀವು ಮಾಡಿಟ್ಟ ಶ್ರುತಿಯನ್ನು ಪರೀಕ್ಷೆ ಮಾಡದೆ, ಸೀದಾ ಬಾರಿಸಲು ಕೂರುತ್ತೇನೆ.

ಕಡ್ಡಿ